ವ್ಯಸನಮುಕ್ತಿ ಮತ್ತು ಸಂಗೀತ ಕಚೇರಿ

ಕುಡಿತವನ್ನು ಬಿಟ್ಟವನಿಗೆ ದಿನದಲ್ಲಿ ಅತ್ಯಂತ ಕಠಿಣವಾದ ಹೊತ್ತು ಯಾವುದು? ಬಹುಮಂದಿಗೆ ಅದು ಸಂಜೆ. ಕೆಲಸ ಮುಗಿದಿರುತ್ತದೆ; ಹಳೆಯ ಗೆಳೆಯರೂ ಹಳೆಯ ಬೀದಿಯೂ ಕೈಬೀಸಿ ಕರೆಯುತ್ತವೆ. ಅಲ್ಲಿಗೆ ಹೋಗಬೇಡವೆಂದು ಹೇಳುವುದು ಸುಲಭ. ಎಲ್ಲಿಗೆ ಹೋಗಬೇಕೆಂದು ಹೇಳುವುದು ಕಷ್ಟ. ಇಂತಹ ಸಂಜೆಗೆ ಶಾಸ್ತ್ರೀಯ ಸಂಗೀತದ ಕಚೇರಿಯು ಒದಗಬಲ್ಲುದೆ ಎಂಬುದನ್ನು ವಿಜ್ಞಾನದ ಬೆಳಕಿನಲ್ಲಿ ಪರಿಶೀಲಿಸೋಣ.

ನಮ್ಮ ಮಿದುಳಿನ ಆಳದಲ್ಲಿ ಸುಖಾನುಭವಕ್ಕೆ ಸಂಬಂಧಿಸಿದ ನರಕೋಶಗಳ ಜಾಲವೊಂದುಂಟು. ಹಸಿದವನಿಗೆ ಅನ್ನ ದೊರೆತಾಗ ಅಲ್ಲಿ ಡೋಪಮೀನ್ ಎಂಬ ರಾಸಾಯನಿಕವು ಸ್ರವಿಸುತ್ತದೆ. ಮದ್ಯವೂ ಇತರ ಮಾದಕ ವಸ್ತುಗಳೂ ಇದೇ ಜಾಲವನ್ನು ಬಲವಂತವಾಗಿ ಕೆರಳಿಸುತ್ತವೆ. ಬಹುಕಾಲದ ವ್ಯಸನಿಗಳ ಮಿದುಳಿನಲ್ಲಿ ಡೋಪಮೀನನ್ನು ಬರಮಾಡಿಕೊಳ್ಳುವ ಒಂದು ಬಗೆಯ ಗ್ರಾಹಕಗಳು ಕಡಿಮೆಯಾಗಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಕುಡಿತ ಬಿಟ್ಟ ಮೊದಲ ತಿಂಗಳುಗಳಲ್ಲಿ ಊಟ, ಮಾತುಕತೆ, ಮಕ್ಕಳ ಆಟ ಎಲ್ಲವೂ ಸಪ್ಪೆಯೆನಿಸಲು ಇದೂ ಒಂದು ಕಾರಣವಿರಬೇಕು. ಮನೆಯವರು ಇದನ್ನು ಮೊಂಡುತನವೆಂದು ಬಗೆಯುವುದುಂಟು, ಅದು ತಪ್ಪು.

ಇನ್ನು ಸಂಗೀತದ ಮಾತು. 2011ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ವಿಜ್ಞಾನಿಗಳು ಕೆಲವರಿಗೆ ಅವರವರ ಮೆಚ್ಚಿನ ಸಂಗೀತವನ್ನು ಕೇಳಿಸಿ ಮಿದುಳನ್ನು ಪರೀಕ್ಷಿಸಿದರು. ಮೈ ಜುಮ್ಮೆನ್ನುವ ಕ್ಷಣದಲ್ಲಿ ಅಲ್ಲಿಯೂ ಡೋಪಮೀನ್ ಸ್ರವಿಸಿತು. ಇನ್ನೂ ಸ್ವಾರಸ್ಯವಾದುದೆಂದರೆ, ಆ ಕ್ಷಣವನ್ನು ಎದುರುನೋಡುತ್ತಿರುವಾಗಲೇ ಮಿದುಳಿನ ಮತ್ತೊಂದು ಭಾಗದಲ್ಲಿ ಅದು ಸ್ರವಿಸತೊಡಗಿತ್ತು. ಎಂದರೆ ಕಾಯುವುದೂ ಸುಖದ ಒಂದು ಭಾಗವೇ ಆಯಿತು.

ನಮ್ಮ ಕರ್ನಾಟಕ ಸಂಗೀತದಲ್ಲಿ ಇದಕ್ಕೆ ನಿದರ್ಶನ ಹುಡುಕಬೇಕಾಗಿಲ್ಲ. ತನಿ ಆವರ್ತನದ ಕೊನೆಯಲ್ಲಿ ಮೃದಂಗದ ವಿದ್ವಾಂಸರು ಮುಕ್ತಾಯವನ್ನು ಮೂರು ಬಾರಿ ನುಡಿಸಿ, ಪಲ್ಲವಿ ಎತ್ತಿಕೊಳ್ಳುವ ಸ್ಥಾನಕ್ಕೆ ಸರಿಯಾಗಿ ಬಂದು ಸೇರುವವರೆಗೆ ಸಭೆಯೆಲ್ಲ ತೊಡೆಯ ಮೇಲೆ ತಾಳ ಹಾಕುತ್ತ ಕಾದಿರುತ್ತದೆ. ಮದ್ಯವು ನಿಮಿಷಗಳಲ್ಲಿ ಕೊಡುವ ಸುಖಕ್ಕೆ ಒಗ್ಗಿದ ಮನಸ್ಸಿಗೆ ಇಲ್ಲಿ ನಿಧಾನದ ಸುಖದ ಅಭ್ಯಾಸ ದೊರೆಯುತ್ತದೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ರಾಮನವಮಿ ಸಂಗೀತೋತ್ಸವದಂತಹ ಕಡೆಗಳಲ್ಲಿ ಕಚೇರಿಗಳು ಬಹುಮಟ್ಟಿಗೆ ಸಂಜೆಯ ಹೊತ್ತಿನಲ್ಲೇ ನಡೆಯುತ್ತವೆ. ಅಲ್ಲಿ ನೂರಾರು ಜನರ ನಡುವೆ ಕುಡಿಯದೆ ಕುಳಿತಿರುವುದು ಯಾರಿಗೂ ವಿಶೇಷವೆನಿಸದು.

ಆದರೆ ಸಂಗೀತವು ಔಷಧವಲ್ಲ. 21 ಪ್ರಯೋಗಗಳನ್ನು ಪರಿಶೀಲಿಸಿ ಕಾಕ್ರೇನ್ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಸಾಮಾನ್ಯ ಚಿಕಿತ್ಸೆಯ ಜೊತೆಗೆ ಸಂಗೀತ ಚಿಕಿತ್ಸೆಯೂ ಸೇರಿದರೆ ಮಾದಕ ವಸ್ತುವಿನ ಹಂಬಲ ತಗ್ಗುವ ಸಂಭವವಿದೆ. ಅದು ತರಬೇತಿ ಪಡೆದವರು ನಡೆಸುವ ಚಿಕಿತ್ಸೆ. ಕಚೇರಿ ಕೇಳುವುದಕ್ಕೂ ಅದಕ್ಕೂ ಅಂತರವುಂಟು. ನಿತ್ಯವೂ ಕುಡಿಯುವವನು ವೈದ್ಯರ ನೆರವಿಲ್ಲದೆ ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೂ ಅಪಾಯವಾಗಬಹುದು.

ಆದುದರಿಂದ ಚಿಕಿತ್ಸೆಯನ್ನು ಮುಂದುವರಿಸುತ್ತಲೇ, ನಂಬುಗೆಯ ಇಬ್ಬರು ಮೂವರೊಡನೆ ಹೋಗುವುದು ಲೇಸು. ಹಿಂದೆ ಕುಡಿಯುತ್ತ ಕೇಳುತ್ತಿದ್ದ ಹಾಡುಗಳಿಂದ ಹಳೆಯ ಹಂಬಲ ಕೆರಳಬಹುದು, ಅಂತಹವನ್ನು ದೂರವಿಡಬೇಕು. ಮನಸ್ಸು ಕಳವಳಗೊಂಡರೆ ಎದ್ದು ಬರಲು ಅನುಕೂಲವಾಗುವಂತೆ ಅಂಚಿನ ಕುರ್ಚಿಯಲ್ಲಿ ಕೂರಬೇಕು. ಮೊದಲ ದಿನ ರಾಗವು ರುಚಿಸದಿದ್ದರೂ ಚಿಂತೆಯಿಲ್ಲ. ಮಂಗಳ ಹಾಡುವ ಹೊತ್ತಿಗೆ ಕಠಿಣವಾದ ಒಂದು ಸಂಜೆಯಂತೂ ಕಳೆದಿರುತ್ತದೆ.