ಹೆಬ್ಬಾವು ಯಾಕೆ ಬಾಯಿ ತೆರೆಯಲ್ಲ?

ಸಂಕ್ರಾಂತಿ ಆಸುಪಾಸಿನಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕಬ್ಬು ಕಡಿಯುವಾಗ ಒಣ ಸೋಗೆಯಡಿ ಹೆಬ್ಬಾವು ಸಿಗುವುದುಂಟು. ನಾಲೆ ನೀರು, ನೆರಳು, ಬೇಕಾದಷ್ಟು ಇಲಿ ಒಂದೇ ಕಡೆ ಇರುವಾಗ ಅದು ಇನ್ನೆಲ್ಲಿಗೆ ಹೋಗಬೇಕು? ಅರಣ್ಯ ಇಲಾಖೆಯವರು ಬರುವತನಕ ಪಾಪ ಹಸಿದಿರುತ್ತೆ ಅಂತ ಯಾರಾದರೂ ಕೋಳಿ ತಂದಿಟ್ಟರೆ ಹಾವು ಅತ್ತ ತಿರುಗಿಯೂ ನೋಡುವುದಿಲ್ಲ.

ಹೆದರಿಕೆ ಒಂದು ಕಾರಣ, ಚಳಿ ಇನ್ನೊಂದು. ಹಾವಿನ ಮೈಬಿಸಿ ಹೊರಗಿನಿಂದ ಬರಬೇಕು. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಚುರುಕಾಗಿರುವ ಜೀರ್ಣಕ್ರಿಯೆ ಜನವರಿಯ ರಾತ್ರಿಗಳಲ್ಲಿ ಮಂದವಾಗುತ್ತದೆ. ಇಡಿಯಾಗಿ ನುಂಗಿದ್ದು ಕರಗುವ ಮೊದಲೇ ಹೊಟ್ಟೆಯಲ್ಲಿ ಕೊಳೆಯಬಹುದು. ಅರಗಿಸುವುದೇನು ಸಣ್ಣ ಕೆಲಸವೇ? ನಮ್ಮ ಹೆಬ್ಬಾವಿನ ಹತ್ತಿರದ ನೆಂಟ ಬರ್ಮಾ ಹೆಬ್ಬಾವಿನ ಹೃದಯ ಊಟವಾದ ಎರಡೇ ದಿನದಲ್ಲಿ ಶೇ. 40ರಷ್ಟು ದಪ್ಪವಾಗುತ್ತದೆಂದು 2005ರಲ್ಲಿ ಗೊತ್ತಾಯಿತು. ಅದಲ್ಲದೆ ಚಳಿಗಾಲವೇ ಇವುಗಳಿಗೆ ಬೆದೆಯ ಕಾಲ, ಆಗ ಊಟದ ಕಡೆ ಗಮನವಿರುವುದಿಲ್ಲ. ಮೊಟ್ಟೆಯಿಟ್ಟ ಹೆಣ್ಣು ಸುಮಾರು ಎರಡು ತಿಂಗಳು ಸುತ್ತಿಕೊಂಡು ಕೂರುತ್ತದೆ. ತಂಪಾದರೆ ಸ್ನಾಯುಗಳನ್ನು ನಡುಗಿಸಿ ತಾನೇ ಕಾವು ಹುಟ್ಟಿಸುತ್ತದೆ. ಹೆಚ್ಚಿನವು ಅಷ್ಟೂ ದಿನ ಉಪವಾಸ.

ಈ ಹೆಬ್ಬಾವನ್ನು ಸಾಕುವ ಮಾತೇ ಇಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಶೋಕಿಗೆ ಸಾಕುವುದು ಆಫ್ರಿಕಾ ಮೂಲದ ಬಾಲ್ ಪೈಥಾನನ್ನು. ಅದಕ್ಕೂ 2022ರ ತಿದ್ದುಪಡಿಯ ನಂತರ ನೋಂದಣಿ ಬೇಕು. ಅದು ತಿನ್ನುತ್ತಿಲ್ಲವೆಂದರೆ ಇಲಿ ಬದಲಿಸುವ ಮೊದಲು ಥರ್ಮಾಮೀಟರ್ ನೋಡಿ. ಗೂಡಿನ ಒಂದು ತುದಿ 31ರಿಂದ 33 ಡಿಗ್ರಿ, ಇನ್ನೊಂದು ತುದಿ 25ರಿಂದ 27 ಇರಬೇಕು. ಎರಡೂ ಕಡೆ ಅಡಗಲು ಇಕ್ಕಟ್ಟಾದ ಮರೆ ಬೇಕು. ಅಳೆಯುವುದು ಗಾಜಿನ ಗೋಡೆಯ ಮೇಲಲ್ಲ, ಹಾವು ಮಲಗುವ ನೆಲದಲ್ಲಿ. ಥರ್ಮೋಸ್ಟಾಟ್ ಇಲ್ಲದ ಹೀಟಿಂಗ್ ಪ್ಯಾಡ್ ಹೊಟ್ಟೆ ಸುಡುತ್ತದೆ.

ಇದರ ತುಟಿಯಂಚಿನ ಕುಳಿಗಳು ಬೇಟೆಯ ಬಿಸಿಯನ್ನು ಗ್ರಹಿಸುತ್ತವೆ. ಫ್ರೀಜರಿನಿಂದ ತೆಗೆದ ಇಲಿ ಒಳಗಿನವರೆಗೂ ಕರಗಿದ ಮೇಲೆ ಬಿಸಿನೀರಲ್ಲಿ ಬೆಚ್ಚಗೆ ಮಾಡಿ, ಒರೆಸಿ, ಸಂಜೆಗತ್ತಲಲ್ಲಿ ಇಕ್ಕಳದಿಂದ ತೋರಿಸಿದರೆ ಎಷ್ಟೋ ಸಲ ಹಟ ಮುರಿಯುತ್ತದೆ. ಇಷ್ಟಾದರೂ ಬೇಡವೆಂದರೆ ವಾರಕ್ಕೊಮ್ಮೆ ತೂಕ ನೋಡಿ. ತೂಕ ಇಳಿಯದಿದ್ದರೆ ಬೆಳೆದ ಹಾವು ತಿಂಗಳುಗಟ್ಟಲೆ ತಡೆಯುತ್ತದೆ. ಇಳಿಯುತ್ತಿದ್ದರೆ, ಬಾಯಲ್ಲಿ ಲೋಳೆ ಕಂಡರೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಬಲವಂತವಾಗಿ ತುರುಕಬೇಡಿ. ತಿಂದದ್ದನ್ನು ಕಕ್ಕಿದರೆ ಮೊದಲು ಬಿಸಿ ಸರಿಮಾಡಿ, ಎರಡು ವಾರ ನೀರು ಬಿಟ್ಟು ಬೇರೇನೂ ಇಡಬೇಡಿ.