ಗಾಲಿಯ ಮೇಲಿನ ಮನೆಗೆ ತಕ್ಕ ಕೊಂಡಿ

ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿ ಹೋಟೆಲು, ಬ್ಯಾಂಕು, ಬಂದರು, ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ಕನ್ನಡಿಗರಿಗೆ ರಜೆಯೆಂದರೆ ಪ್ರಯಾಣವೇ ಸರಿ. ಊರಿಗೆ ಹೋಗಿಬರುವುದೊಂದು, ಮಕ್ಕಳು ಮರಿಗಳೊಡನೆ ಅನ್ನವರಕ್ಕೋ ಅರಕು ಕಣಿವೆಗೋ ಹೊರಡುವುದು ಇನ್ನೊಂದು. ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆ, ಅಂದರೆ ಕ್ಯಾರವಾನ್, ಇಂಥವರ ಮನಸ್ಸನ್ನು ಸೆಳೆಯುವುದು ಸಹಜವಾಗಿದೆ. ಬಾಡಿಗೆಗೆ ದೊರೆಯುವ ಕ್ಯಾರವಾನುಗಳಲ್ಲಿ ಎಂಜಿನ್ನೂ ಮನೆಯೂ ಒಂದೇ ವಾಹನದಲ್ಲಿರುವುದೇ ಹೆಚ್ಚು. ಅಲ್ಲಿ ಕೊಂಡಿಯ ಚಿಂತೆಯಿಲ್ಲ. ಸ್ವಂತ ಕಾರಿಗೆ ಪ್ರತ್ಯೇಕ ಕ್ಯಾರವಾನನ್ನು ಜೋಡಿಸಬಯಸುವವರಿಗಾಗಿ ಈ ನಾಲ್ಕು ಮಾತು. ಮಂಚ, ಒಲೆ, ಕಿಟಕಿಗಳ ಸೊಬಗಿಗೆ ಹಣ ತೆರುವವರು ಕೊಂಡಿಯ ವಿಚಾರವನ್ನು ಕೊನೆಯ ಗಳಿಗೆಗೆ ಬಿಡುತ್ತಾರೆ. ಇಡೀ ಸಂಸಾರದ ಕ್ಷೇಮವೂ ಎದುರು ಬರುವವರ ಕ್ಷೇಮವೂ ನಿಂತಿರುವುದು ಆ ಕೊಂಡಿಯ ಮೇಲೆಯೇ.

ಎತ್ತಿನ ಗಾಡಿ ಹೂಡಿ ಬಲ್ಲ ನಮ್ಮ ಹಿರಿಯರಿಗೆ ಈ ಶಾಸ್ತ್ರ ಹೊಸದೇನಲ್ಲ. ಹೇರು ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಕುಸಿಯುತ್ತದೆ. ಕ್ಯಾರವಾನಿನ ಮೂತಿ ಕಾರಿನ ಕೊಂಡಿಯ ಮೇಲೆ ಎಷ್ಟು ಭಾರ ಹೊರಿಸಬೇಕೆಂಬುದೂ ಇದೇ ಲೆಕ್ಕ. ಯುರೋಪಿನವರು ಕ್ಯಾರವಾನಿನ ಒಟ್ಟು ತೂಕದ ನೂರಕ್ಕೆ ೫ರಿಂದ ೭ರಷ್ಟು ಭಾರ ಮೂತಿಯಲ್ಲಿರಲಿ ಎನ್ನುತ್ತಾರೆ. ಆಸ್ಟ್ರೇಲಿಯಾದವರು ೧೦ರಷ್ಟು ಎನ್ನುತ್ತಾರೆ. ೧,೦೦೦ ಕಿಲೋಗ್ರಾಮಿನ ಕ್ಯಾರವಾನಿಗೆ ಇದು ೫೦ರಿಂದ ೧೦೦ ಕಿಲೋಗ್ರಾಮ್ ಆಯಿತು. ಭಾರ ಕಡಿಮೆಯಾದರೆ ಕ್ಯಾರವಾನ್ ಬಾಲ ಬೀಸತೊಡಗುತ್ತದೆ. ಹೆಚ್ಚಾದರೆ ಕಾರಿನ ಹಿಂಬದಿ ಕುಸಿದು, ಮುಂಗಾಲಿಗಳು ನೆಲದ ಹಿಡಿತವನ್ನು ಕಳೆದುಕೊಳ್ಳುತ್ತವೆ. ಇದನ್ನು ಅಳೆಯುವುದು ಸುಲಭ. ಸಮನೆಲದ ಮೇಲೆ ಮೂತಿಯ ಕೆಳಗೆ ಮರದ ತುಂಡನ್ನಿಟ್ಟು, ಅದನ್ನು ಮನೆಯಲ್ಲಿ ಮೈತೂಕ ನೋಡುವ ಯಂತ್ರದ ಮೇಲೆ ನಿಲ್ಲಿಸಿದರೆ ಸಾಕು. ಅದರ ಮಿತಿಗೆ ಮೀರಿದ ಭಾರವಿದ್ದರೆ ತೂಕದ ಕಟ್ಟೆಗೆ ಹೋಗಬೇಕು.

ಖಾಲಿ ಕ್ಯಾರವಾನಿನ ತೂಕವನ್ನು ನಂಬಿ ಕೊಂಡಿ ಕೊಳ್ಳಲಾಗದು. ೬೦ ಲೀಟರು ನೀರೆಂದರೆ ೬೦ ಕಿಲೋಗ್ರಾಮ್. ತುಂಬಿದ ಅಡುಗೆ ಅನಿಲದ ಸಿಲಿಂಡರು ಸುಮಾರು ೩೦. ಇನ್ನು ಪಾತ್ರೆ, ಹಾಸಿಗೆ, ಅಕ್ಕಿಬೇಳೆ ಬೇರೆ. ಎಲ್ಲವನ್ನೂ ತುಂಬಿದ ಮೇಲಿನ ತೂಕವೇ ನಿಜವಾದ ತೂಕ. ಭಾರದ ಸಾಮಾನು ಅಚ್ಚಿನ ನೇರಕ್ಕೆ, ಕೆಳಗೆ ಇರತಕ್ಕದ್ದು.

ಇನ್ನು ಸಾಧನಗಳ ವಿಚಾರ. ಕಾರಿನ ಕೆಳಗೆ ಜೋಡಿಸುವ ಉಕ್ಕಿನ ತೊಲೆಯೇ ಟೋ ಬಾರ್. ಅದರ ತುದಿಯಲ್ಲಿ ಉಕ್ಕಿನ ಗುಂಡು. ಗುಂಡನ್ನು ಹಿಡಿಯುವ ಬಟ್ಟಲು ಕ್ಯಾರವಾನಿನ ಮೂತಿಯಲ್ಲಿರುತ್ತದೆ. ಇವು ಮೂರಕ್ಕೂ, ಕಾರಿಗೂ, ಎಳೆಯಬಹುದಾದ ತೂಕದ ಮಿತಿ ಬೇರೆ ಬೇರೆ. ನಾಲ್ಕರಲ್ಲಿ ಯಾವುದು ಕಡಿಮೆಯೋ ಅದೇ ಇಡೀ ಜೋಡಣೆಯ ಮಿತಿ. ಅನೇಕ ಕಾರುಗಳ ಕೈಪಿಡಿಯಲ್ಲಿ ಟ್ರೈಲರು ಎಳೆಯಬಾರದೆಂದೇ ಬರೆದಿರುತ್ತದೆ. ಅಂಥ ಕಾರಿಗೆ ಎಷ್ಟು ಗಟ್ಟಿಯಾದ ತೊಲೆ ಹಾಕಿದರೂ ಪ್ರಯೋಜನವಿಲ್ಲ. ಕೆಟ್ಟು ನಿಂತ ಕಾರನ್ನು ಎಳೆಯಲೆಂದು ಕೊಟ್ಟಿರುವ ಕೊಕ್ಕೆಯೂ ಈ ಕೆಲಸಕ್ಕೆ ಬಾರದು.

ಗುಂಡಿನ ಅಳತೆಯಲ್ಲಿ ಮೋಸಹೋಗುವುದುಂಟು. ಯುರೋಪಿನ ಗುಂಡು ೫೦ ಮಿಲಿಮೀಟರು. ಅಮೆರಿಕದ ಎರಡಂಗುಲದ ಗುಂಡು ೫೦.೮, ಅವರದೇ ಇನ್ನೊಂದು ೪೭.೬. ಕಣ್ಣಿಗೆ ಮೂರೂ ಒಂದೇ. ಆದರೆ ೫೦ರ ಬಟ್ಟಲಿನಲ್ಲಿ ೪೭.೬ರ ಗುಂಡು ಸಡಿಲವಾಗಿ ಕುಳಿತು ಹಳ್ಳಕ್ಕೆ ಬಿದ್ದೊಡನೆ ಜಿಗಿಯಬಹುದು, ೫೦.೮ರದು ಸರಿಯಾಗಿ ಒಳಗೆ ಕೂರುವುದೇ ಇಲ್ಲ. ಎರಡು ಭಾಗಗಳ ಮೇಲೂ ಅಚ್ಚೊತ್ತಿದ ಅಂಕೆಯನ್ನು ಓದಿಯೇ ಕೊಳ್ಳಬೇಕು.

ವಿಜಯವಾಡದ ಆಟೋನಗರದಲ್ಲಿ ಲಾರಿ ಕಟ್ಟುವ ಕುಶಲಿಗರಿಗೆ ಕೊರತೆಯಿಲ್ಲ. ಕೃಷ್ಣಾ ಮುಖಜಭೂಮಿಯ ಭತ್ತ ಹೊತ್ತ ಟ್ರ್ಯಾಕ್ಟರು ಟ್ರೈಲರುಗಳಿಗೆ ಹಾಕುವ ಕೊಕ್ಕೆ ಮೊಳೆಯಂಥ ಜೋಡಣೆಯನ್ನೇ ಕಾರಿಗೂ ಬೆಸೆದುಕೊಡೋಣವೆಂದು ಯಾರಾದರೂ ಹೇಳಿದರೆ ಒಪ್ಪಲಾಗದು. ಮಂದಗತಿಯ ಟ್ರ್ಯಾಕ್ಟರಿಗೆ ಆ ಸಡಿಲು ಸರಿಹೋಗುತ್ತದೆ. ಹೆದ್ದಾರಿಯ ವೇಗದಲ್ಲಿ ಪ್ರತಿ ಜಗ್ಗಾಟವೂ ಸುತ್ತಿಗೆಯ ಪೆಟ್ಟಾಗುತ್ತದೆ. ತೊಲೆಯನ್ನು ಆ ಕಾರಿಗೆಂದೇ ತಯಾರಾದ ರಂಧ್ರಗಳಲ್ಲಿ ಬೋಲ್ಟಿನಿಂದ ಬಿಗಿಸಬೇಕು; ಮೊದಲ ಪ್ರಯಾಣದ ಬಳಿಕ ಮತ್ತೊಮ್ಮೆ ಬಿಗಿತ ನೋಡಬೇಕು. ವಿಶಾಖಪಟ್ಟಣದ ಉಪ್ಪುಗಾಳಿಗೆ ಉಕ್ಕು ಬೇಗ ತುಕ್ಕುಹಿಡಿಯುವುದರಿಂದ ಅಲ್ಲಿಯವರು ಆಗಾಗ ಪರೀಕ್ಷಿಸುವುದು ಲೇಸು.

ಎಳೆಯುವಷ್ಟೇ ಮುಖ್ಯ ನಿಲ್ಲಿಸುವುದು. ಯುರೋಪಿನಲ್ಲಿಯೂ ಆಸ್ಟ್ರೇಲಿಯಾದಲ್ಲಿಯೂ ೭೫೦ ಕಿಲೋಗ್ರಾಮ್ ಮೀರಿದ ಟ್ರೈಲರಿಗೆ ತನ್ನದೇ ಬ್ರೇಕು ಇರಬೇಕು. ವಿಶಾಖಪಟ್ಟಣದಿಂದ ಅರಕುವಿಗೆ ಸುಮಾರು ೧೧೫ ಕಿಲೋಮೀಟರು. ಅನಂತಗಿರಿ ಘಟ್ಟವನ್ನು ಇಳಿಯುವಾಗ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂಬ ಗಾದೆ ನೆನಪಾಗದಿರದು. ಕಾರು ನಿಲ್ಲಲೆಳಸಿದರೂ ಹಿಂದಿನ ಭಾರ ತಳ್ಳುತ್ತಲೇ ಇರುತ್ತದೆ. ಹತ್ತಿದ ಗೇರಿನಲ್ಲಿಯೇ ಇಳಿಯುವುದು ಕ್ಷೇಮ. ವಿಜಯವಾಡಕ್ಕೆ ಹೋಗುವ ಸುಮಾರು ೩೫೦ ಕಿಲೋಮೀಟರಿನ ಹೆದ್ದಾರಿ ಬಹುಮಟ್ಟಿಗೆ ಸಮತಟ್ಟು. ಆದರೆ ರಾವುಲಪಾಲೆಂ ಬಳಿ ಗೋದಾವರಿಯ ಸೇತುವೆಯಂಥ ಬಯಲಿನಲ್ಲಿ ಅಡ್ಡಗಾಳಿ, ಪಕ್ಕದಲ್ಲಿ ಹಾಯುವ ಬಸ್ಸಿನ ಗಾಳಿ ಕ್ಯಾರವಾನನ್ನು ತೂಗಾಡಿಸಬಹುದು. ಆಗ ಸ್ಟೀರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು ವೇಗ ತಾನಾಗಿ ಇಳಿಯಗೊಡಬೇಕು. ಕಾರಿನ ಬ್ರೇಕನ್ನು ಥಟ್ಟನೆ ಒತ್ತಿದರೆ ಅನರ್ಥ.

ಕಾನೂನನ್ನೂ ಮರೆಯುವಂತಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೈಲರೂ ಮೋಟಾರು ವಾಹನವೇ. ಅದಕ್ಕೆ ನೋಂದಣಿ ಬೇಕು, ಎಳೆಯುವ ಕಾರಿನ ನಂಬರೂ ಅದರ ಮೇಲೆ ಕಾಣಬೇಕು. ಕಾರಿನ ಮೂಲ ವಿವರಗಳು ಬದಲಾಗುವಂಥ ಮಾರ್ಪಾಟನ್ನು ೫೨ನೆಯ ಕಲಮು ನಿರ್ಬಂಧಿಸಿದೆ. ಆದುದರಿಂದ ಹಣ ಕೊಡುವ ಮುನ್ನ ಕಾರಿನ ತಯಾರಕರನ್ನು, ಸಾರಿಗೆ ಕಚೇರಿಯನ್ನು, ವಿಮಾ ಕಂಪನಿಯನ್ನು ಲಿಖಿತವಾಗಿ ಕೇಳಿ ಉತ್ತರ ಪಡೆಯುವುದು ಉಚಿತ.

ಹೊರಡುವ ಮುನ್ನ ಐದು ನಿಮಿಷದ ಕೆಲಸವಿದೆ. ಬಟ್ಟಲು ಗುಂಡನ್ನು ಕಚ್ಚಿದ ಮೇಲೆ ಮೂತಿಯ ಸಣ್ಣ ಗಾಲಿಯನ್ನು ತಿರುಗಿಸಿ ಮೇಲೆತ್ತಿರಿ; ಕಾರಿನ ಹಿಂಬದಿಯೂ ಜೊತೆಗೆ ಏಳಬೇಕು. ಏಳದಿದ್ದರೆ ಹಿಡಿತ ಬಿದ್ದಿಲ್ಲ. ಎರಡು ಸರಪಳಿಗಳನ್ನು ಮೂತಿಯ ಕೆಳಗೆ ಒಂದರ ಮೇಲೊಂದು ಅಡ್ಡಹಾಯುವಂತೆ ಸಿಕ್ಕಿಸಿರಿ. ಕೊಂಡಿ ಕಳಚಿದರೂ ಮೂತಿ ನೆಲಕ್ಕೆ ಬೀಳದಂತೆ ಅವು ತಡೆಯುತ್ತವೆ. ಹಿಂದಿನ ದೀಪಗಳನ್ನು ಮನೆಯವರೊಬ್ಬರು ನಿಂತು ನೋಡಲಿ. ಓಡುವಾಗ ಕ್ಯಾರವಾನಿನೊಳಗೆ ಮಕ್ಕಳಾಗಲಿ ಹಿರಿಯರಾಗಲಿ ಕುಳಿತಿರಬಾರದು.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ತಮ್ಮ ಕಾರಿಗೆ ಈ ಭಾರ ಒಗ್ಗದೆಂದು ಕಂಡುಬಂದರೆ, ಅದನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಚಿಕ್ಕ ಕ್ಯಾರವಾನನ್ನು ಆರಿಸಿಕೊಳ್ಳಬಹುದು, ಇಲ್ಲವೇ ರಜೆಯ ಮಟ್ಟಿಗೆ ಬಾಡಿಗೆಯದನ್ನು ತರಬಹುದು. ಅಂಗಡಿಯವನ ಭರವಸೆಗಿಂತ ತೂಕದ ಯಂತ್ರದ ಮಾತಿಗೆ ನಮ್ಮ ಓದುಗರು ಕಿವಿಗೊಡುವರೆಂದು ನಂಬಿದ್ದೇವೆ.