ಬದುಕಿ ಬಂದವರ ಪಟ್ಟಿ ಎಲ್ಲಿ?

ಹಿರೋಳ್ಳಿಯು ಆಳಂದ ತಾಲೂಕಿನ ಗಡಿಯ ಗ್ರಾಮ. ಸುತ್ತಲೂ ಜೋಳ-ತೊಗರಿಗಳ ಹೊಲಗಳು, ಗಡಿಯ ಆಚೆಗೆ ಅಕ್ಕಲಕೋಟೆಯ ಸೀಮೆ, ಕಡಲಾದರೋ ಬಹುದೂರ. ಇಂಥ ಊರಿನಲ್ಲಿ ಹುಟ್ಟಿ, ತುಂಬಿದ ಹೊಳೆಯನ್ನು ಸಹ ಅಪರೂಪವಾಗಿ ಕಂಡಿದ್ದ ಒಬ್ಬ ರೈತನ ಮಗನು ಎರಡನೆಯ ಮಹಾಯುದ್ಧದ ಕಾಲದಲ್ಲಿ ವ್ಯಾಪಾರದ ಹಡಗುಗಳ ಒಲೆಗಳಿಗೆ ಕಲ್ಲಿದ್ದಲು ಹೊತ್ತನೆಂದರೆ ವಾಚಕರು ಸಹಜವಾಗಿಯೇ ಸಂದೇಹಪಡುವರು. ನಾವೂ ಬಹುಕಾಲ ಅರ್ಧ ನಂಬಿ ಅರ್ಧ ನಂಬದೆ ಇದ್ದೆವು. ಆ ರೈತನ ಮಗನೇ ನಮ್ಮ ತೀರ್ಥರೂಪರು.

ಅವರು ಬದುಕಿರುವಾಗ ಈ ವಿಷಯವನ್ನು ಕೇಳಿದವರು ಇಲ್ಲ. ತಾವಾಗಿ ಅವರು ಹೇಳಿದವರೂ ಅಲ್ಲ. ಬೇಸಿಗೆಯಲ್ಲಿ ಊರವರೆಲ್ಲ ಬಿಸಿಲಿಗೆ ಬೆಂದು ನರಳುವಾಗ, "ಇದೇನು ಬಿಸಿ!" ಎಂದು ನಕ್ಕು ಸುಮ್ಮನಾಗುತ್ತಿದ್ದರು. ಅವರು ಕಾಲವಾದ ಎಷ್ಟೋ ವರ್ಷಗಳ ಮೇಲೆ ಮಾತೃಶ್ರೀಯವರ ತಗಡಿನ ಪೆಟ್ಟಿಗೆಯ ತಳದಲ್ಲಿ ಒಂದು ಚಿಕ್ಕ ಪುಸ್ತಕ ದೊರೆಯಿತು. ಅದರಲ್ಲಿ ಹಡಗಿನ ಹೆಸರು, ಹಡಗಿನ ಸಂಖ್ಯೆ, ಕೆಲಸಕ್ಕೆ ಸೇರಿದ ದಿನ ಹಾಗೂ ಬಂದರು, ಬಿಡುಗಡೆಯಾದ ದಿನ ಹಾಗೂ ಬಂದರು, ಕೆಲಸದ ಹೆಸರು, ನಡತೆಯ ಬಗೆಗೆ ಒಂದು ಮುದ್ರೆ, ಇಷ್ಟೇ. ಮೂರು ಹಡಗುಗಳು, ನಾಲ್ಕು ವರ್ಷಗಳು. ನಡತೆಯ ಎದುರಿಗೆ ಮೂರು ಸಲವೂ "ಬಹಳ ಒಳ್ಳೆಯದು" ಎಂದಿದ್ದಿತು. ಈ ಪುಸ್ತಕದ ಬೆನ್ನುಹತ್ತಿ ನಾವು ಹೊರಟೆವು. ಹೊರಟ ಮೇಲೆ ಕಂಡುದು ಒಬ್ಬರ ಕಥೆಯಲ್ಲ.

ಆಳಂದ ಸೀಮೆಯು ಅಂದು ನಿಜಾಮರ ಆಳ್ವಿಕೆಯಲ್ಲಿದ್ದಿತು. ಮಳೆ ಕೈಕೊಟ್ಟ ವರ್ಷ ಕೂಲಿಗಾಗಿ ಮುಂಬಯಿಯ ರೈಲು ಹತ್ತುವುದು ಇಲ್ಲಿಯವರಿಗೆ ಹೊಸದಲ್ಲ. ಗಿರಣಿಯಲ್ಲಿ ಕೆಲಸ ಸಿಕ್ಕದವನು ಬಂದರಿಗೆ ಹೋಗುತ್ತಿದ್ದನು. ಅಲ್ಲಿ ಹಡಗಿನ ಕೆಲಸ ಬೇಕಾದವನು ಮೊದಲು ಹಿಡಿಯಬೇಕಾದುದು ಸಾರಂಗನ ಕಾಲು. ಖಲಾಸಿಗಳನ್ನು ಆರಿಸಿ ತರುವವನೂ, ಅವರ ಮೇಲೆ ಅಧಿಕಾರ ನಡೆಸುವವನೂ ಅವನೇ. ಅವನಿಗೆ ದಸ್ತೂರಿ ಸಲ್ಲದೆ ಹಡಗನ್ನು ಏರಿದವರು ಕಡಿಮೆ. ಒಳಗೆ ಹೋದ ಮೇಲೆ ಒಲೆಗೆ ಬೆಂಕಿ ಕೊಡುವವನು ಆಗವಾಲಾ, ಅವನಿಗೆ ಕಲ್ಲಿದ್ದಲು ಒಯ್ದು ಹಾಕುವವನು ಕೋಯ್ಲಾವಾಲಾ. ನಮ್ಮ ತೀರ್ಥರೂಪರ ಕೆಲಸ ಈ ಎರಡನೆಯದು. ಹಡಗಿಗೆ ಪೆಟ್ಟು ತಗುಲಿದರೆ ತಳದಲ್ಲಿರುವ ಈ ಜನ ಮೇಲಕ್ಕೆ ಬರುವ ಹೊತ್ತಿಗೆ ನೀರೇ ಒಳಕ್ಕೆ ಬಂದಿರುತ್ತಿದ್ದಿತು.

ಆಂಗ್ಲರ ವ್ಯಾಪಾರದ ಹಡಗುಗಳಲ್ಲಿ ಯುದ್ಧಕಾಲಕ್ಕೆ ಸುಮಾರು 50,000 ಭಾರತೀಯ ಖಲಾಸಿಗಳು ದುಡಿಯುತ್ತಿದ್ದರೆಂದು ಲೆಕ್ಕವಿದೆ. ಅವರ ಸಂಬಳವು ಅದೇ ಹಡಗಿನ ಬಿಳಿಯ ನಾವಿಕನ ಸಂಬಳದ ಒಂದು ಸಣ್ಣ ಪಾಲು ಮಾತ್ರವಾಗಿದ್ದಿತು. ತಾರಪೀಡೋ ಎಂಬ ಅಸ್ತ್ರವು ಬಿಳಿಯರೆಂದೂ ಕರಿಯರೆಂದೂ ಭೇದವೆಣಿಸುವುದಿಲ್ಲ. ಭೇದವೆಣಿಸುತ್ತಿದ್ದುದು ಸಂಬಳದ ಪಟ್ಟಿ. ಆದುದರಿಂದಲೇ 1939ರಲ್ಲಿ ಯುದ್ಧ ಆರಂಭವಾದೊಡನೆ ಬ್ರಿಟನ್ನಿನ ಮತ್ತು ಇತರ ದೇಶಗಳ ಬಂದರುಗಳಲ್ಲಿ ಭಾರತೀಯ ಖಲಾಸಿಗಳು ಹೆಚ್ಚಿನ ವೇತನ ಕೇಳಿ ಹಡಗು ಏರಲು ನಿರಾಕರಿಸಿದರು. ನೂರಾರು ಜನ ಸೆರೆಮನೆ ಕಂಡರು. ಕೊನೆಗೆ ವೇತನ ಏರಿತು. ಸಮಾನತೆ ಮಾತ್ರ ಬರಲಿಲ್ಲ. ಯುದ್ಧ ಮುಗಿದಾಗ ಸರಕಾರೀ ಲೆಕ್ಕದಂತೆ ಈ ಭಾರತೀಯರಲ್ಲಿ ಮಡಿದವರು 6,600, ಗಾಯಗೊಂಡವರು 1,022, ಶತ್ರುಗಳ ಸೆರೆಯಾದವರು 1,217. ಯುದ್ಧವನ್ನು ಸಾರುವಾಗ ನಮ್ಮ ದೇಶದ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಆದರೆ ಸತ್ತವರು ನಮ್ಮವರು.

ನಮ್ಮ ಶೋಧನೆಯ ಮೊದಲ ಹೆಜ್ಜೆಯೇ ತಪ್ಪಿತು. ಮುಂಬಯಿಯ ಮಸ್ಜಿದ್ ಬಂದರಿನ ಬಳಿಯಿರುವ ಭಾರತೀಯ ನಾವಿಕರ ಗೃಹದಲ್ಲಿ ಯುದ್ಧದ ಸ್ಮಾರಕವಿದೆ. 1939-45ರ ಯುದ್ಧದಲ್ಲಿ ಕಡಲ ಪಾಲಾದ ಆರು ಸಾವಿರಕ್ಕೂ ಮಿಕ್ಕಿದ ಭಾರತೀಯ ನಾವಿಕರ ಹೆಸರುಗಳು ಒಂದು ಗ್ರಂಥದಲ್ಲಿ ದಾಖಲಾಗಿವೆ. ಅದರ ಜೊತೆಯ ಪ್ರತಿಯು ಚಿತ್ತಗಾಂಗಿನಲ್ಲಿ ಇರುವುದು. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದವರು ಈ ಹೆಸರುಗಳನ್ನು ಯಾರು ಬೇಕಾದರೂ ಹುಡುಕುವಂತೆ ತೆರೆದಿಟ್ಟಿದ್ದಾರೆ. ಎಷ್ಟೋ ಹೆಸರುಗಳ ಎದುರಿಗೆ ತಂದೆಯ ಹೆಸರು, ಹೆಂಡತಿಯ ಹೆಸರು, ಊರು ಸಹ ಇವೆ. ನಾವು ಅಲ್ಲಿ ತೀರ್ಥರೂಪರ ಹೆಸರನ್ನು ಹುಡುಕಿದೆವು, ಸಿಕ್ಕಲಿಲ್ಲ. ಸಿಕ್ಕುವುದೆಂತು? ಅವರು ಸಾಯಲಿಲ್ಲ, ಊರಿಗೆ ಬಂದರು, ಹೊಲ ಊಳಿದರು, ನಮ್ಮನ್ನು ಸಾಕಿದರು. ಬಳಿಕ ಒಂದು ಕಚೇರಿಯಲ್ಲಿ ವಿಚಾರಿಸಿದಾಗ ಅಲ್ಲಿಯ ಗುಮಾಸ್ತರು ಕನಿಕರದಿಂದಲೇ, "ತಮ್ಮ ತಂದೆಯವರು ಹಡಗಿನೊಡನೆ ಮುಳುಗಿದ್ದರೆ ಕೆಲಸ ಸುಲಭವಾಗುತ್ತಿತ್ತು" ಎಂದರು. ಅವರ ಮಾತಿನಲ್ಲಿ ಕ್ರೌರ್ಯವಿರಲಿಲ್ಲ, ಸತ್ಯವಿದ್ದಿತು. ಸತ್ತವರಿಗೆ ಪಟ್ಟಿಯಿದೆ. ಬದುಕಿ ಬಂದವರಿಗೆ ಇಲ್ಲ.

ಆಮೇಲೆ ದಾರಿ ತಿಳಿಯಿತು. ಮನುಷ್ಯನ ಹೆಸರನ್ನು ಬಿಟ್ಟು ಹಡಗಿನ ಸಂಖ್ಯೆಯನ್ನು ಹಿಡಿಯಬೇಕು. ಒಬ್ಬ ಖಲಾಸಿಯ ಹೆಸರನ್ನು ಒಬ್ಬೊಬ್ಬ ಗುಮಾಸ್ತನು ಒಂದೊಂದು ರೀತಿಯಾಗಿ ಬರೆದಿರುವನು. ಹಡಗಿಗಾದರೋ ಅಧಿಕೃತ ಸಂಖ್ಯೆ ಒಂದೇ. ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಯುದ್ಧಕಾಲದ ಹಡಗುಗಳ ಸಿಬ್ಬಂದಿಯ ಕರಾರುಪತ್ರಗಳೂ ದಿನಚರಿಗಳೂ ಬಿ.ಟಿ. 381 ಎಂಬ ಕಟ್ಟಿನಲ್ಲಿಯೂ, ಹಡಗುಗಳು ಬಂದರಿನಿಂದ ಬಂದರಿಗೆ ಹೋದ ವಿವರದ ಚೀಟಿಗಳು ಬಿ.ಟಿ. 389ರಲ್ಲಿಯೂ ಇವೆ. ಭಾರತೀಯರ ಕರಾರು ಬೇರೆಯೇ ಆಗಿರುತ್ತಿದ್ದಿತು. ಹಣ ಕಟ್ಟಿ ನಾವು ಪ್ರತಿಗಳನ್ನು ತರಿಸಿದೆವು.

1942ರ ಕರಾರಿನಲ್ಲಿ ತೀರ್ಥರೂಪರ ಹೆಸರಿನ ಮುಂದೆ ಎಡಗೈ ಹೆಬ್ಬೆಟ್ಟಿನ ಗುರುತು. 1945ರ ಕರಾರಿನಲ್ಲಿ ಅದೇ ಹೆಸರಿನ ಮುಂದೆ ಕನ್ನಡದ ಅಕ್ಷರಗಳಲ್ಲಿ ಸಹಿ. ಅಕ್ಷರ ಸೊಟ್ಟ, ಆದರೆ ತಪ್ಪಿಲ್ಲ. ನಮ್ಮ ಊರಿನಲ್ಲಿ ಬಂದ ಕಾಗದಗಳನ್ನು ಓದಿ ಹೇಳುತ್ತಿದ್ದವರು ಅವರೇ. ಅವರು ಯಾವ ಸಾಲೆಗೂ ಹೋದವರಲ್ಲವೆಂಬುದನ್ನು ನಾವು ಯೋಚಿಸಿಯೇ ಇರಲಿಲ್ಲ. ಅದೇ ಹಡಗಿನ ಪಟ್ಟಿಯಲ್ಲಿ ಊಟದ ಮನೆಯ ಕೆಲಸದವರಲ್ಲಿ ಮಂಗಳೂರಿನವರು ಇಬ್ಬರು ಇದ್ದರು. ಅಂದು ಮಂಗಳೂರು ಮದರಾಸಿಗೆ ಸೇರಿತ್ತು, ಕಾರವಾರ ಮುಂಬಯಿಗೆ, ಆಳಂದ ನಿಜಾಮರಿಗೆ. ಕನ್ನಡ ನಾಡು ಒಂದಾದುದು 1956ರ ನವೆಂಬರ್ 1ರಂದು. ಆದರೆ ಅದಕ್ಕೂ ಹನ್ನೊಂದು ವರ್ಷ ಮೊದಲು, ನೀರಿನ ಮೇಲೆ, ಒಬ್ಬ ಹಿರೋಳ್ಳಿಯವನು ಕನ್ನಡದಲ್ಲಿ ತನ್ನ ಹೆಸರು ಬರೆಯಲು ಕಲಿತಿದ್ದನು. ಆ ಕಾಗದವನ್ನು ನೋಡಿದ ದಿನ ನಾವು ಊಟ ಮಾಡಲಿಲ್ಲ.

ಇಷ್ಟು ಶ್ರಮ ಏಕೆಂದು ಕೇಳುವವರಿಗೆ ಒಂದು ನಿದರ್ಶನ. 1942ರ ನವೆಂಬರ್ 23ರಂದು, ಮುಂಬಯಿಯಿಂದ ಆಫ್ರಿಕಕ್ಕೆ ಹೊರಟಿದ್ದ ತಿಲಾವಾ ಎಂಬ ಹಡಗನ್ನು ಜಪಾನೀ ಜಲಾಂತರ್ನೌಕೆಯೊಂದು ಹಿಂದೂ ಮಹಾಸಾಗರದಲ್ಲಿ ಮುಳುಗಿಸಿತು. ಹಡಗಿನಲ್ಲಿದ್ದ 950ಕ್ಕೂ ಹೆಚ್ಚಿನ ಜನರಲ್ಲಿ 280 ಮಂದಿ ಮಡಿದರು. ಹಡಗಿನೊಡನೆ ಬೆಳ್ಳಿಯ ಗಟ್ಟಿಗಳೂ ಮುಳುಗಿದವು. 2017ರಲ್ಲಿ ಸಾಹಸಿಗಳು ಸಾಗರತಳದಿಂದ 2,364 ಗಟ್ಟಿಗಳನ್ನು ಎತ್ತಿದರು. ಬೆಳ್ಳಿಯ ವ್ಯಾಜ್ಯವು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದವರೆಗೆ ನಡೆದು 2024ರಲ್ಲಿ ದಕ್ಷಿಣ ಆಫ್ರಿಕದ ಪರವಾಗಿ ಇತ್ಯರ್ಥವಾಯಿತು. ಗಟ್ಟಿಗಳ ಎಣಿಕೆ ತಪ್ಪಲಿಲ್ಲ. ಮನುಷ್ಯರ ಸ್ಮರಣೆಗೆ ಮಾತ್ರ ಮಕ್ಕಳು ಮೊಮ್ಮಕ್ಕಳೇ ದುಡಿಯಬೇಕಾಯಿತು; ಅವರು ಮುಂಬಯಿಯಲ್ಲಿ ಕೂಡಿ ಮಡಿದವರನ್ನು ನೆನೆದುದು 2022ರಲ್ಲಿ, ಎಂಬತ್ತು ವರ್ಷಗಳ ಮೇಲೆ. ಬೆಳ್ಳಿಗೆ ವಾರಸುದಾರರಿರುವಂತೆ ಬೆವರಿಗೂ ಇರಬೇಡವೆ?

ಆದುದರಿಂದ ನಮ್ಮ ಬಿನ್ನಹವಿಷ್ಟೆ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯ ಮನೆಗಳಲ್ಲಿ, ಮುಂಬಯಿಗೆ ದುಡಿಯಹೋದ ಒಳನಾಡಿನ ಮನೆಗಳಲ್ಲಿಯೂ, ಇಂಥ ಪುಸ್ತಕಗಳು ಪೆಟ್ಟಿಗೆಗಳ ತಳದಲ್ಲಿ ಗೆದ್ದಲಿಗೆ ಆಹಾರವಾಗುತ್ತಿರಬಹುದು. ನಮ್ಮ ರಾಜ್ಯದ ಪತ್ರಾಗಾರ ಇಲಾಖೆಯವರು ಅವುಗಳ ಪ್ರತಿಗಳನ್ನು ಸಂಗ್ರಹಿಸಿ, ಬದುಕಿ ಬಂದ ಕನ್ನಡ ಖಲಾಸಿಗಳದೊಂದು ಪಟ್ಟಿಯನ್ನು ಕಟ್ಟಲಿ. ಇದಕ್ಕೆ ಕೋಟಿಗಳ ಖರ್ಚು ಬೇಡ. ತಾಲೂಕಿನ ಅಧಿಕಾರಿಗಳು ಮನಸ್ಸು ಮಾಡಿದರೆ ಸಾಕು. ಪ್ರತಿ ವರ್ಷ ಏಪ್ರಿಲ್ 5ರಂದು ನಮ್ಮ ದೇಶವು ರಾಷ್ಟ್ರೀಯ ಸಾಗರಯಾನ ದಿನವನ್ನು ಆಚರಿಸುವುದು. 1919ರ ಆ ದಿನ ಸಿಂಧಿಯಾ ಕಂಪನಿಯ ಲಾಯಲ್ಟಿ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟುದರ ನೆನಪು ಅದು. ಹಡಗನ್ನು ನೆನೆಯುವ ದಿನದಲ್ಲಿ ಅದರ ಒಲೆಗೆ ಕಲ್ಲಿದ್ದಲು ಹೊತ್ತವರನ್ನೂ ನೆನೆಯುವುದು ನ್ಯಾಯ.

ಸರಕಾರವು ಮಾಡುವವರೆಗೆ ವಾಚಕರು ಕಾಯಬೇಕಾಗಿಲ್ಲ. ಹಿರಿಯರು ಬದುಕಿದ್ದರೆ ಇಂದೇ ಕೇಳಿರಿ. ಇಲ್ಲದಿದ್ದರೆ ಪೆಟ್ಟಿಗೆಯನ್ನು ತೆರೆಯಿರಿ. ಪುಸ್ತಕ ಸಿಕ್ಕಿದರೆ ಹಡಗಿನ ಸಂಖ್ಯೆಯನ್ನು ಮೊದಲು ಬರೆದುಕೊಳ್ಳಿರಿ. ಹೆಸರು ಸವೆದಿದ್ದರೂ ಆ ಸಂಖ್ಯೆಯೊಂದು ಉಳಿದಿದ್ದರೆ ದಾರಿ ಉಳಿದಿದೆ ಎಂದು ತಿಳಿಯಿರಿ.